ಆರನೆಯ ವೃತ್ತ

ನಮ್ಮ ವಿಭಾಗದ ಸಭೆ ಎಂದರೆ ನನಗೆ ಹಲ್ಲುನೋವಿದ್ದ ಹಾಗೆ. ಬರುತ್ತದೆಂದು ಗೊತ್ತಿರುತ್ತದೆ, ತಪ್ಪಿಸಿಕೊಳ್ಳಲು ಆಗುವುದಿಲ್ಲ, ಮುಗಿದ ಮೇಲೂ ಮುಖ ಊದಿಕೊಂಡಿರುತ್ತದೆ. ಕಲೆ, ವಿನ್ಯಾಸ, ಮಾಧ್ಯಮ ಎಂದು ಮೂರು ಹೆಸರು ಹೊತ್ತ ವಿಭಾಗ ನಮ್ಮದು. ಮೂರೂ ಕಡೆಯವರನ್ನು ಒಂದು ಕೋಣೆಯಲ್ಲಿ ಕೂರಿಸಿದರೆ ಮೇಜನ್ನು ಯಾವ ಕಡೆ ತಿರುಗಿಸಬೇಕು ಎಂಬುದಕ್ಕೇ ಅರ್ಧ ಸಭೆ ಹೋಗುತ್ತದೆ. ಕಿಟಕಿ ಬೆನ್ನಿಗಿರಬಾರದು ಎಂದು ಕ್ಯಾಮೆರಾದವರು, ಮುಖಕ್ಕಿರಬಾರದು ಎಂದು ಚಿತ್ರ ಬರೆಯುವವರು. ಕೊನೆಗೆ ಎಲ್ಲರೂ ಮೊದಲಿದ್ದಲ್ಲೇ ಕೂರುತ್ತೇವೆ.

ಆ ಸಲದ ಸಭೆ ಸಂಶೋಧನಾ ಕ್ಷೇತ್ರಗಳ ಬಗ್ಗೆ. ನಿಮ್ಮಲ್ಲಿ ಏನೇನು ಸಂಶೋಧನೆ ನಡೆಯುತ್ತದೆ ಎಂದು ಒಂದೇ ಪುಟದಲ್ಲಿ ಚಿತ್ರ ಬಿಡಿಸಿ ತೋರಿಸಿ, ಉದ್ದುದ್ದ ಓದಲು ನಮಗೆ ಪುರುಸೊತ್ತಿಲ್ಲ ಎಂದು ಆಡಳಿತ ಮಂಡಳಿ ಹೇಳಿ ಕಳಿಸಿತ್ತು. ಕ್ಷೇತ್ರಗಳು ಆರು. ದೃಶ್ಯ ಸಂವಹನ, ಚಲನಚಿತ್ರ ಮತ್ತು ಧ್ವನಿ, ಕಲಾ ಚರಿತ್ರೆ, ಡಿಜಿಟಲ್ ಮಾಧ್ಯಮ, ಸಮುದಾಯ ವಿನ್ಯಾಸ. ಆರನೆಯದು ನನ್ನದು, ವಸ್ತು ಮತ್ತು ಬಳಕೆ.

ಹೆಸರೇನೋ ದೊಡ್ಡದು. ಒಳಗಿರುವುದು ನಾನು, ಬಾಗಿಲು ಸರಿಯಾಗಿ ಮುಚ್ಚದ ಒಂದು ಕೋಣೆ, ಮತ್ತು ಒಬ್ಬ ಸಂಶೋಧನಾ ವಿದ್ಯಾರ್ಥಿ. ವಸ್ತುಗಳು ಬಳಸಿ ಬಳಸಿ ಎಲ್ಲಿ ಸವೆಯುತ್ತವೆ, ಯಾಕೆ ಅಲ್ಲೇ ಸವೆಯುತ್ತವೆ ಎಂದು ನೋಡುವುದು ನನ್ನ ಕೆಲಸ. ಚಾಕುವಿನ ಹಿಡಿ, ಬಾಗಿಲಿನ ಹಿಡಿಕೆ, ಟಿಕೆಟ್ ಕೌಂಟರಿನಲ್ಲಿ ಮೊಣಕೈ ಊರುವ ಜಾಗ, ಅಕ್ಷರ ಅಳಿಸಿಹೋದ ಕೀಲಿಮಣೆ. ಮಾಡಿದವನು ಕೈ ಇಲ್ಲಿ ಬರುತ್ತದೆ ಎಂದುಕೊಂಡಿರುತ್ತಾನೆ, ಕೈ ಇನ್ನೆಲ್ಲೋ ಬಂದಿರುತ್ತದೆ. ಅವೆರಡರ ನಡುವಿನ ದೂರ ಅಳೆಯುವುದರಲ್ಲೇ ನನ್ನ ಕೂದಲು ಬೆಳ್ಳಗಾಯಿತು. "ಸವೆದಿರೋ ಬಾಗಿಲು ನೋಡೋಕೂ ಸಂಬಳ ಕೊಡ್ತಾರಲ್ಲ, ಪುಣ್ಯಾತ್ಮರು," ಎಂದು ನಮ್ಮಕ್ಕ ಇವತ್ತಿಗೂ ಹೇಳುತ್ತಾಳೆ. ಅಕ್ಕ ನಿವೃತ್ತ ನರ್ಸು, ನಾವಿಬ್ಬರೂ ಒಟ್ಟಿಗೆ ಇರುವುದು. ಅವಳ ಮಂಡಿಗಳೆರಡೂ ಸವೆದಿವೆ; ಊರ ಬಾಗಿಲುಗಳನ್ನೆಲ್ಲ ನೋಡುವವಳು ಅದನ್ನು ಯಾಕೆ ನೋಡುವುದಿಲ್ಲ ಎಂಬುದು ಅವಳ ತಕರಾರು.

ನನ್ನ ಆ ಒಬ್ಬ ವಿದ್ಯಾರ್ಥಿಯನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಇಲ್ಲಿಗೆ ಬರುವ ಮೊದಲು ಎಷ್ಟೋ ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ವಯಸ್ಸಿನಲ್ಲಿ ನನಗಿಂತ ಸ್ವಲ್ಪವೇ ಚಿಕ್ಕವರು. ಮೊದಲ ದಿನ ತರಗತಿಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತರಂತೆ, ಇವರೂ ಅಭ್ಯಾಸಬಲದಿಂದ "ಕೂತ್ಕೊಳ್ಳಿ" ಎಂದುಬಿಟ್ಟರಂತೆ. ಅವರ ವಿಷಯ ಮೆಟ್ಟಿಲು. ನ್ಯಾಯಾಲಯ, ಗ್ರಂಥಾಲಯ, ರೈಲು ನಿಲ್ದಾಣ, ಆಸ್ಪತ್ರೆ ಎಂದು ಸಾರ್ವಜನಿಕ ಕಟ್ಟಡಗಳ ಕಲ್ಲುಮೆಟ್ಟಿಲುಗಳ ಮೇಲೆ ಮಂಡಿಯೂರಿ, ಸವೆದ ತಗ್ಗುಗಳಿಗೆ ಜೇಡಿಮಣ್ಣು ಒತ್ತಿ ಅಚ್ಚು ತೆಗೆದರು. ಕಾವಲುಗಾರರು ಎಬ್ಬಿಸಿ ಕಳಿಸಿದರು, ಮತ್ತೆ ಹೋದರು. ಅವರು ಕಂಡುಕೊಂಡದ್ದರಲ್ಲಿ ಒಂದನ್ನು ಹೇಳುತ್ತೇನೆ. ಆಸ್ಪತ್ರೆಯಲ್ಲಿ ಮೆಟ್ಟಿಲುಗಳಿಗಿಂತ ಹೆಚ್ಚು ಸವೆದಿದ್ದದ್ದು ಮೆಟ್ಟಿಲು ತಿರುಗುವ ಕಡೆಯ ಚೌಕ, ಅದೂ ಗೋಡೆಯ ಮಗ್ಗುಲಿಗೆ. ಮೇಲಿನ ವಾರ್ಡಿಗೆ ಹೋಗಲು ಧೈರ್ಯ ಸಾಲದವರು ಅಲ್ಲಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಅಲ್ಲೊಂದು ಬೆಂಚು ಬೇಕೆಂದು ನಕ್ಷೆ ಬರೆದ ಯಾರಿಗೂ ಹೊಳೆದಿರಲಿಲ್ಲ. ಇಂಥ ವಿದ್ಯಾರ್ಥಿ ನನಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆ ಸಿಗುವಷ್ಟು ನೌಕರಿಯೂ ಉಳಿದಿಲ್ಲ.

ಪ್ರಬಂಧ ಮುಗಿದಿತ್ತು, ರಟ್ಟು ಕಟ್ಟಿಸಿಯೂ ಆಗಿತ್ತು. ತಿಂಗಳ ಕೊನೆಯೊಳಗೆ ಅದು ಪರೀಕ್ಷಕರಿಗೆ ಹೋಗಬೇಕು. ಹೋಗದಿದ್ದರೆ ಮೇಷ್ಟ್ರ ನೋಂದಣಿಯ ಅವಧಿ ಮುಗಿಯುತ್ತದೆ, ಅಷ್ಟೂ ವರ್ಷದ ಕೆಲಸ ನೀರುಪಾಲು. ಅವಧಿಯನ್ನು ಆಗಲೇ ಒಮ್ಮೆ ಕಾಡಿ ಬೇಡಿ ವಿಸ್ತರಿಸಿದ್ದೆವು. ಎರಡನೆಯ ಸಲ ಕೊಡುವ ಪದ್ಧತಿ ಇಲ್ಲ.

ಸಭೆಯಲ್ಲಿ ಆ ಒಂದು ಪುಟ ಮಾಡುವ ಕೆಲಸ ಬಿಳಿಹಾಳೆಯ ಪಾಲಿಗೆ ಬಂತು. ಬಿಳಿಹಾಳೆ ಎಂಬುದು ವಿದ್ಯಾರ್ಥಿಗಳು ಇಟ್ಟ ಹೆಸರು. ಅವನು ದೃಶ್ಯ ಸಂವಹನದ ಅಧ್ಯಾಪಕ, ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಮೊದಲ ತರಗತಿಯಲ್ಲಿ ಗೋಡೆಗೆ ಒಂದು ಖಾಲಿ ಹಾಳೆ ಅಂಟಿಸಿ ಗಂಟೆ ಹೊಡೆಯುವವರೆಗೂ ಅದನ್ನೇ ನೋಡಿ ಎನ್ನುತ್ತಾನೆ. ಹಾಳೆಯ ಮೇಲೆ ಏನು ಹಾಕುತ್ತೀರಿ ಅನ್ನುವುದಕ್ಕಿಂತ ಏನು ಹಾಕದೆ ಬಿಡುತ್ತೀರಿ ಅನ್ನುವುದು ಮುಖ್ಯ ಎಂಬುದು ಅವನ ಸಿದ್ಧಾಂತ. ಅವನ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಹೆಂಡತಿ ಅರ್ಜಿ ಹಾಕಬೇಕು. ಆದರೂ ಅವನು ಮಾಡಿದ ಪುಟ ನೋಡಿದರೆ ಕಣ್ಣಿಗೆ ತಂಪು, ಅದರಲ್ಲಿ ಎರಡು ಮಾತಿಲ್ಲ.

ಮುಂದಿನ ವಾರ ಪುಟ ತಂದು ಪರದೆಯ ಮೇಲೆ ತೋರಿಸಿದ. ಒಂದಕ್ಕೊಂದು ತಾಗಿಯೂ ತಾಗದಂತೆ ಐದು ವೃತ್ತಗಳು, ಐದು ತಿಳಿಯಾದ ಬಣ್ಣಗಳು, ಸುತ್ತ ಧಾರಾಳವಾದ ಬಿಳಿ. ಕೋಣೆಯಲ್ಲಿ ಎಲ್ಲರೂ ಒಂದು ಕ್ಷಣ ಬಾಯಿ ಮುಚ್ಚಿದರು. ನಮ್ಮ ವಿಭಾಗದಲ್ಲಿ ಅದು ಸಣ್ಣ ಮಾತಲ್ಲ.

"ಐದೇ ಇದೆಯಲ್ಲ, ನನ್ನದೆಲ್ಲಿ?" ಎಂದೆ.

"ನಿನ್ನದು ಇದು," ಎಂದು ಅವನು ಕೈ ಅಗಲಿಸಿ ಇಡೀ ಬಿಳಿಯನ್ನು ತೋರಿಸಿದ. "ವಸ್ತು ಮತ್ತು ಬಳಕೆ ಅನ್ನೋದು ಒಂದು ಮೂಲೆಯಲ್ಲಿ ಇರೋ ಕ್ಷೇತ್ರ ಅಲ್ಲ. ಉಳಿದ ಐದೂ ನಿಂತಿರೋದು ಅದರ ಮೇಲೆ. ಅದಕ್ಕೊಂದು ವೃತ್ತ ಹಾಕಿದ್ರೆ ಅದನ್ನ ಚಿಕ್ಕದು ಮಾಡಿದ ಹಾಗೆ. ಹೆಸರು ಕೂಡ ಹಾಕಿ ನೋಡಿದೆ, ಕಣ್ಣಿಗೆ ಚುಚ್ಚಿತು, ತೆಗೆದೆ. ಗೊತ್ತಾಗೋರಿಗೆ ಗೊತ್ತಾಗತ್ತೆ."

ಕಲಾ ಚರಿತ್ರೆಯವರು ತಲೆದೂಗಿದರು. ಸಿನಿಮಾದವರು "ವಾಹ್" ಎಂದರು. ನಾನು ಉಬ್ಬಿಹೋದೆ, ಅದನ್ನೂ ಹೇಳಿಬಿಡುತ್ತೇನೆ. ಇಷ್ಟು ವರ್ಷ ನನ್ನ ಕೆಲಸಕ್ಕೆ ಮೂಗು ಮುರಿಯುತ್ತಿದ್ದವರ ಮುಂದೆ ಇಡೀ ಹಾಳೆಯನ್ನೇ ನನಗೆ ಬರೆದುಕೊಟ್ಟಿದ್ದ. ಒಳ್ಳೆಯ ಕಣ್ಣಿರುವ ಅಷ್ಟು ಜನ ಕೂತು, ಆರು ಕ್ಷೇತ್ರ ತೋರಿಸಬೇಕಾದ ಪುಟದಲ್ಲಿ ಐದನ್ನು ತೋರಿಸಿ, ಚಪ್ಪಾಳೆ ತಟ್ಟಿ ಎದ್ದೆವು. ಒಂದು ತರಕಾರಿ ಅಂಗಡಿಯಲ್ಲಿ ಇಂಥ ತಪ್ಪು ನಡೆಯುವುದಿಲ್ಲ.

ಮಂಡಳಿಯವರು ವೃತ್ತಗಳನ್ನು ಎಣಿಸಿದರು. ಐದು ಎಂದು ಬರೆದುಕೊಂಡರು.

ಆದೇಶ ಬಂದದ್ದು ತಿಂಗಳ ನಡುವಿನಲ್ಲಿ. ಇನ್ನು ಮುಂದೆ ವಿಭಾಗದಲ್ಲಿ ಐದೇ ಸಂಶೋಧನಾ ಕ್ಷೇತ್ರಗಳು. ಅದರ ಹೊರಗಿರುವ ವಿದ್ಯಾರ್ಥಿಗಳು ಐದರಲ್ಲಿ ಒಂದಕ್ಕೆ ಸೇರಿಕೊಳ್ಳಬೇಕು. ಸೇರಿಸಿಕೊಳ್ಳುವ ಕ್ಷೇತ್ರದವರು "ಈ ಪ್ರಬಂಧ ಇದ್ದ ಹಾಗೇ ನಮ್ಮ ವಿಷಯಕ್ಕೆ ಸೇರಿದ್ದು" ಎಂದು ಒಪ್ಪಿದರೆ ಸರಿ, ಇಲ್ಲವಾದರೆ ಹೊಸದಾಗಿ ನೋಂದಣಿ. ಜೊತೆಗೆ ಅನುಮೋದನೆಯ ಮುದ್ರೆ ಬಿದ್ದ ಆ ಪುಟದ ಪ್ರತಿಯನ್ನೂ ಲಗತ್ತಿಸಿದ್ದರು. ಮುದ್ರೆಯನ್ನು ಕೂಡ ನನ್ನ ಕ್ಷೇತ್ರದ ಮೇಲೇ ಒತ್ತಿದ್ದರು.

ಮನೆಗೆ ಬಂದು ಅದನ್ನು ಊಟದ ಮೇಜಿನ ಮೇಲೆ ಎಸೆದು ಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಅಕ್ಕ ಎದುರಿಗೆ ಕೂತು, ಚಹಾದ ಲೋಟವನ್ನು ಆ ಪುಟದ ಮೇಲೇ ಇಟ್ಟಿದ್ದಳು.

"ಅಕ್ಕಾ, ಅದರ ಮೇಲೆ ಯಾಕೆ ಇಟ್ಟೆ?"

"ಬಣ್ಣದ ಮೇಲೆ ಇಟ್ಟಿಲ್ಲಮ್ಮ, ಖಾಲಿ ಇರೋ ಕಡೆ ಇಟ್ಟಿದೀನಿ. ಕಣ್ಣಿಲ್ವಾ ನನಗೆ?"

ನನಗೆ ನಗುವೂ ಬಂತು, ಅಳುವೂ ಬಂತು. ಕುರ್ಚಿ ಎಳೆದುಕೊಂಡು ಅವಳಿಗೆ ಎಲ್ಲವನ್ನೂ ಹೇಳಿದೆ. ಅಕ್ಕ ಮಂಡಿ ನೀವಿಕೊಳ್ಳುತ್ತ ಕೇಳಿ, "ಅಲ್ಲ, ಒಂದು ಗುಂಡು ಸುತ್ತೋಕೆ ಏನು ಕಷ್ಟ ನಿಮಗೆ?" ಎಂದಳು. ಊಟ ಮಾಡದೆ ಮಲಗಿದೆ. ದಣಿವು ಎಂದರೆ ಮೈಯದಲ್ಲ, ಅದಾದರೆ ಮಲಗಿದರೆ ಹೋಗುತ್ತದೆ. ಇಷ್ಟು ವರ್ಷವಾದ ಮೇಲೂ ನಾನು ಏನು ಮಾಡುತ್ತೇನೆ ಎಂದು ಮತ್ತೆ ಮೊದಲಿನಿಂದ ಎಲ್ಲರಿಗೂ ಹೇಳಬೇಕಲ್ಲ ಎಂಬ ದಣಿವು ಅದು.

ಮರುದಿನದಿಂದ ಮೇಷ್ಟ್ರ ಪ್ರಬಂಧವನ್ನು ಕಂಕುಳಲ್ಲಿ ಇರಿಸಿಕೊಂಡು ಕೋಣೆಯಿಂದ ಕೋಣೆಗೆ ಅಲೆದೆ. ಮಗಳಿಗೆ ಗಂಡು ಹುಡುಕುವವರು ಕೂಡ ಅಷ್ಟು ಬಾಗಿಲು ತಟ್ಟಿರುವುದಿಲ್ಲ. ಯಾರೂ ಒಲ್ಲೆ ಎನ್ನಲಿಲ್ಲ, ಅದೇ ಕಷ್ಟ. ಡಿಜಿಟಲ್ ಮಾಧ್ಯಮದವರು ತುಂಬ ಸಂತೋಷದಿಂದ, ಮೆಟ್ಟಿಲುಗಳಿಗೆ ಸೆನ್ಸರ್ ಅಂಟಿಸಿ ಇನ್ನೊಂದು ಅಧ್ಯಾಯ ಬರೆದರೆ ಇವತ್ತೇ ಸಹಿ ಹಾಕುತ್ತೇವೆ ಎಂದರು. ಸಿನಿಮಾದವರಿಗೆ ಮೆಟ್ಟಿಲಿನ ಸದ್ದು ಬೇಕಿತ್ತು. ಕಲಾ ಚರಿತ್ರೆಯವರು ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ, ಕಟ್ಟಡಗಳು ಇನ್ನೂ ಸ್ವಲ್ಪ ಹಳೆಯವಾಗಿದ್ದರೆ ಚೆನ್ನಾಗಿತ್ತು ಎಂದರು. ಬಿಳಿಹಾಳೆಯ ದೃಶ್ಯ ಸಂವಹನಕ್ಕೆ ನಾನೇ ಹೋಗಲಿಲ್ಲ. ಅವನ ಮುಖ ನೋಡಲು ಮನಸ್ಸಿರಲಿಲ್ಲ. ಉಳಿದದ್ದು ಸಮುದಾಯ ವಿನ್ಯಾಸ. ಅಲ್ಲಿನವರು ಒಳ್ಳೆಯ ಹೆಣ್ಣುಮಗಳು, ಪ್ರಬಂಧವನ್ನು ನಿಜವಾಗಿಯೂ ಓದಿದ್ದರು. ಮೆಟ್ಟಿಲು ಬಳಸುವ ಜನರ ಸಂದರ್ಶನಗಳಿದ್ದರೆ ಮಾತ್ರ ನಮ್ಮ ಕ್ಷೇತ್ರಕ್ಕೆ ಬರುತ್ತದೆ, ಒಂದು ನೂರಾದರೂ ಮಾಡಿಸಿ ಎಂದರು.

ಮೇಷ್ಟ್ರಿಗೆ ಹೇಳಿದೆ. ಅವರು ನನ್ನ ಕೋಣೆಯ ಕಪಾಟಿನಲ್ಲಿ ತಮ್ಮ ಅಚ್ಚುಗಳನ್ನು ಒರೆಸಿ ಜೋಡಿಸುತ್ತಿದ್ದರು.

"ಮೆಟ್ಟಿಲು ಇಳೀವಾಗ ಎಲ್ಲಿ ಕಾಲಿಟ್ರಿ ಅಂದ್ರೆ ಯಾರಿಗೆ ನೆನಪಿರತ್ತೆ ಮೇಡಂ?" ಎಂದರು. "ನೆನಪಿರೋ ಹಾಗಿದ್ರೆ ನಾನು ಕಲ್ಲು ನೋಡೋ ಅಗತ್ಯಾನೇ ಇರ್ತಿರಲಿಲ್ಲ. ಆಸ್ಪತ್ರೆ ಮೆಟ್ಟಿಲಲ್ಲಿ ನಿಂತಿರೋರನ್ನ ಹೋಗಿ ಮಾತಾಡಿಸಲಾ? ನೀವ್ಯಾಕೆ ಇಲ್ಲಿ ನಿಂತಿದೀರಿ ಅಂತ?"

"ಹಾಗಾದ್ರೆ ಏನು ಮಾಡೋಣ ಹೇಳಿ."

"ಹೊಸದಾಗಿ ಮತ್ತೊಂದು ಸಲ ಮಾಡೋ ಶಕ್ತಿ ನನಗಿಲ್ಲ. ಆಗಲಿಲ್ಲ ಅಂದ್ರೆ ಆಗಲಿಲ್ಲ. ಮನೇಲಿ ಇದನ್ನ ಹೇಳೋದು ಹೇಗೆ ಅಂತ ಮಾತ್ರ ಯೋಚನೆ. ಇವಳು ಆಗಲೇ ಎಲ್ಲರ ಹತ್ರಾನೂ ನಮ್ಮ ಯಜಮಾನ್ರು ಡಾಕ್ಟರು ಅಂತ ಹೇಳ್ಕೊಂಡು ತಿರುಗ್ತಿದಾಳೆ. ಪಕ್ಕದ ಮನೆಯವರು ಬಂದು ಕೆಮ್ಮಿಗೆ ಔಷಧಿ ಕೇಳಿದ್ರು."

ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವರು ಅಚ್ಚೊಂದನ್ನು ಕೈಯಲ್ಲಿ ಹಿಡಿದುಕೊಂಡು ಒರೆಸಿದ್ದನ್ನೇ ಒರೆಸುತ್ತ ನಿಂತರು. ಬಟ್ಟೆಯನ್ನು ಅವರ ಕೈಯಿಂದ ಕಿತ್ತಿಟ್ಟು ನೇರ ಸಂಸ್ಥೆಯ ನಿರ್ದೇಶಕರ ಕೋಣೆಗೆ ನಡೆದೆ.

ನಮ್ಮ ನಿರ್ದೇಶಕರು ಎಂಜಿನಿಯರಿಂಗ್ ಕಡೆಯಿಂದ ಬಂದ ಹೆಂಗಸು. ಒರಟು ಮಾತು, ಆದರೆ ಮನಸ್ಸಿನಲ್ಲಿ ಕಪಟವಿಲ್ಲ. ಪುಟವನ್ನು ಮೇಜಿನ ಮೇಲೆ ಹರಡಿ, "ನಿಮ್ಮ ಕ್ಷೇತ್ರ ಎಲ್ಲಿದೆ, ಬೆರಳಿಟ್ಟು ತೋರಿಸಿ," ಎಂದರು.

ನಾನು ಬಿಳಿಯ ಮೇಲೆ ಬೆರಳಿಟ್ಟೆ.

"ಇಲ್ಲೇನೂ ಇಲ್ಲವಲ್ಲ."

"ಅದೇ ಮೇಡಂ ನಮ್ಮದು. ಹಿನ್ನೆಲೆ. ಎಲ್ಲಕ್ಕೂ ಆಧಾರ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನನ್ನ ಮಾತು ನನಗೇ ಕೇಳಿಸಿ ಕಿವಿ ಬಿಸಿಯಾಯಿತು.

"ನೋಡಿ ಮೇಡಂ, ನಾನು ನಿಮ್ಮ ಶತ್ರು ಅಲ್ಲ. ನಾಳೆ ಬೆಳಿಗ್ಗೆ ಮಂಡಳಿಯ ಸ್ಥಾಯಿ ಸಮಿತಿ ಸೇರತ್ತೆ. ಮೊನ್ನೆ ತಪ್ಪು ಪುಟ ಬಂದಿತ್ತು, ಸರಿಯಾದ್ದು ಇದು ಅಂತ ನಾನು ಹೇಳಬಹುದು. ಬಿಳಿ ಜಾಗ ಓದ್ಕೊಳ್ಳಿ ಅಂತ ಹೇಳೋಕಾಗಲ್ಲ. ಆರು ವೃತ್ತ, ಆರು ಹೆಸರು, ಇವತ್ತು ಸಂಜೆ ಆಫೀಸು ಮುಚ್ಚೋದರೊಳಗೆ ನನಗೆ ಕಳಿಸಿ. ನಿಮ್ಮ ಆ ಮೇಷ್ಟ್ರ ಪ್ರಬಂಧಾನೂ ಹೋಗತ್ತೆ."

ಒಂದು ವೃತ್ತ. ಅಕ್ಕನ ಮಾತೇ ಸರಿ, ಏನು ಕಷ್ಟ? ಬಿಳಿಹಾಳೆಯ ಕೋಣೆಗೆ ಹೋಗುವಾಗ ಮೈ ಹಗುರಾಗಿತ್ತು. ಅವನ ಕೋಣೆಯಲ್ಲಿ ಒಂದು ಮೇಜು, ಒಂದು ದೊಡ್ಡ ಪರದೆ, ಎರಡು ಕುರ್ಚಿ ಬಿಟ್ಟರೆ ಬೇರೇನೂ ಇಲ್ಲ. ಛತ್ರಿ ತಂದರೂ ಹೊರಗೇ ಇಡಬೇಕು. ನನ್ನನ್ನು ಕಂಡು ಅವನ ಮುಖ ಸಣ್ಣಗಾಯಿತು. ಆದೇಶ ಅವನೂ ಓದಿದ್ದ.

"ಇಷ್ಟು ದಡ್ಡರು ಅಂತ ನಾನು ಅಂದ್ಕೊಂಡಿರಲಿಲ್ಲ," ಎಂದ.

"ದಡ್ಡರು ಯಾರು ಅನ್ನೋದು ಆಮೇಲೆ. ಆರನೇದು ಹಾಕು."

ಅವನು ಕೂತ. ಆರು ವೃತ್ತಗಳನ್ನು ಸುತ್ತಲೂ ಜೋಡಿಸಿದ. ಹೂವಾಯಿತು. "ಶಿಶುವಿಹಾರದ ಬೋರ್ಡು," ಎಂದು ಅಳಿಸಿದ. ಮೂರರ ಕೆಳಗೆ ಮೂರು ಇಟ್ಟ. ಮಾತ್ರೆಯ ಪಟ್ಟಿಯಾಯಿತು. ಒಂದನ್ನು ನಡುವೆ ಇಟ್ಟು ಐದನ್ನು ಸುತ್ತ ಇಟ್ಟ. ನನ್ನದು ಮಿಕ್ಕವರನ್ನೆಲ್ಲ ಆಳುವ ಹಾಗೆ ಕಂಡಿತು, ಕಲಾ ಚರಿತ್ರೆಯವರು ಸುಮ್ಮನಿರುವುದಿಲ್ಲ. ಬಣ್ಣ ಬದಲಿಸಿದ. ಆರನೆಯ ಬಣ್ಣ ಯಾವುದನ್ನು ತಂದರೂ ಉಳಿದ ಐದು ಕೆಸರಾದವು. ಹೊತ್ತು ಇಳಿಯುತ್ತಿತ್ತು. ಕಾರಿಡಾರಿನಲ್ಲಿ ಬೀಗ ಹಾಕುವವನ ಬೀಗದ ಕೈ ಗೊಂಚಲಿನ ಸದ್ದು ಕೇಳತೊಡಗಿತು.

"ಆಗಲ್ಲ," ಎಂದು ಅವನು ಕೈ ಎತ್ತಿದ. "ಐದು ಅಂತ ಇಟ್ಕೊಂಡೇ ಕಟ್ಟಿರೋದು ಇದು. ಒಂದನ್ನ ತುರುಕಿದ್ರೆ ಇಡೀದು ಬಿದ್ದುಹೋಗತ್ತೆ. ನಾಲ್ಕು ದಿನ ಕೊಡು, ಬೇರೆ ಮಾಡ್ತೀನಿ."

"ನಾಲ್ಕು ದಿನ ಇಲ್ಲ. ಕೆಟ್ಟದಾಗೇ ಇರಲಿ, ಕಳಿಸು."

"ಕೆಟ್ಟದ್ದನ್ನ ನಾನು ಕಳಿಸಲ್ಲ."

"ಒಬ್ಬ ಮನುಷ್ಯನ ಅಷ್ಟು ವರ್ಷದ ಕೆಲಸ ಕಣೋ ಅದು!"

"ನನ್ನದೂ ಅಷ್ಟೇ ವರ್ಷದ ಕೆಲಸ," ಎಂದ. ದನಿ ಏರಿಸಲಿಲ್ಲ. "ಎಲ್ಲರಿಗೂ ಒಂದೊಂದು ಗುಂಡು ಕೊಟ್ಟೆ. ನಿನಗೆ ಮಾತ್ರ ಹಾಳೆ ಪೂರ್ತಿ ಕೊಟ್ಟಿದ್ದೆ. ಅದು ಯಾರಿಗೂ ಕಾಣಲಿಲ್ಲ ಅಂದ್ರೆ ನಾನೇನು ಮಾಡ್ಲಿ?"

ಅವನ ಮೇಲೆ ಹರಿಹಾಯಬೇಕೆಂದು ಬಾಯಿ ತೆರೆದೆ. ಪರದೆಯ ಮೇಲೆ ಎರಡು ಪುಟಗಳು ಅಕ್ಕಪಕ್ಕ ಇದ್ದವು. ಎಡಕ್ಕೆ ಐದರದು, ಬಲಕ್ಕೆ ಆರರದು. ನೋಡಿದೆ. ಐದರದೇ ಚೆನ್ನಾಗಿತ್ತು. ಎಷ್ಟು ಚೆನ್ನಾಗಿತ್ತೆಂದರೆ, ನನ್ನ ಮೇಷ್ಟ್ರ ಗತಿ ಏನು ಎಂದು ಗೊತ್ತಿದ್ದೂ ನನ್ನ ಕಣ್ಣು ಬಲಕ್ಕೆ ಹೋಗಲು ಒಪ್ಪಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಇವನನ್ನು ಬೈಯುವ ಯೋಗ್ಯತೆ ಕೂಡ ನನಗಿಲ್ಲವಲ್ಲ ಎನ್ನಿಸಿ ಕುರ್ಚಿಯಲ್ಲಿ ಕುಸಿದು ಕೂತೆ.

ಆಗಲೇ ಮೇಷ್ಟ್ರು ಬಂದದ್ದು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ನಿರ್ದೇಶಕರು ಏನೆಂದರೆಂದು ಅವರಿಗೆ ಆಫೀಸಿನವರು ಹೇಳಿದ್ದರು.

"ಆಯ್ತಾ ಮೇಡಂ?"

ಬಿಳಿಹಾಳೆ ಕುರ್ಚಿ ಸರಿಸಿ ಅವರಿಗೆ ಪರದೆ ಕಾಣುವಂತೆ ಮಾಡಿದ. "ನೀವೇ ನೋಡಿ ಮೇಷ್ಟ್ರೇ. ಎಡಗಡೇದು ಹೋದ್ರೆ ನಿಮ್ಮ ಪ್ರಬಂಧ ಇಲ್ಲ. ಬಲಗಡೇದು ಹೋದ್ರೆ ಇದೆ. ಯಾವುದು ಚೆನ್ನಾಗಿದೆ ಹೇಳಿ, ಸುಳ್ಳು ಹೇಳಬಾರದು."

ಎಂಥ ಕ್ರೂರ ಪ್ರಶ್ನೆ ಅದು ಎಂದು ಅವನಿಗೆ ಹೊಳೆಯಲಿಲ್ಲ. ಅವನಿಗೆ ನಿಜವಾಗಿಯೂ ಉತ್ತರ ಬೇಕಿತ್ತು.

ಮೇಷ್ಟ್ರು ಕೈಕಟ್ಟಿ ನಿಂತು, ಮಕ್ಕಳ ಚಿತ್ರಕ್ಕೆ ಅಂಕ ಹಾಕುವವರ ಹಾಗೆ ತಲೆ ಸ್ವಲ್ಪ ವಾಲಿಸಿ ನೋಡಿದರು. ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಎಡಗಡೇದೇ," ಎಂದರು. "ಏನು ಮಾಡೋದು ಸಾರ್, ನನಗೂ ಕಣ್ಣಿದೆಯಲ್ಲ." ಆಮೇಲೆ ಒಂದು ಹೆಜ್ಜೆ ಮುಂದೆ ಬಂದು, "ಸ್ವಲ್ಪ ನಾನು ಕೂತ್ಕೊಳ್ಳಲಾ?" ಎಂದು ಕೇಳಿದರು.

ಬಿಳಿಹಾಳೆ ಎದ್ದ. ಅವನ ಕುರ್ಚಿಯಲ್ಲಿ ಬೇರೆಯವರು ಕೂತದ್ದನ್ನು ನಾನು ಆವರೆಗೆ ನೋಡಿರಲಿಲ್ಲ. ಮೇಷ್ಟ್ರು ಐದು ವೃತ್ತಗಳ ಪುಟವನ್ನೇ ತೆಗೆದುಕೊಂಡು, ಯಾವುದನ್ನೂ ಅಲುಗಾಡಿಸದೆ, ಬಲಗಡೆ ಕೆಳಗೆ ಉಳಿದಿದ್ದ ದೊಡ್ಡ ಬಿಳಿಯಲ್ಲಿ ಆರನೆಯ ವೃತ್ತ ಹಾಕಿದರು. ಬೂದು ಬಣ್ಣ ತುಂಬಿದರು. ಒಳಗೆ ವಸ್ತು ಮತ್ತು ಬಳಕೆ ಎಂದು ಬರೆದರು. ಅದು ಹಾಳೆಯ ಮೇಲೆ ಯಾರೋ ಮರೆತು ಬಿಟ್ಟುಹೋದ ತಟ್ಟೆಯ ಹಾಗೆ ಕಂಡಿತು. ಬಿಳಿಹಾಳೆ ಕಿಟಕಿಯ ಕಡೆ ತಿರುಗಿ ನಿಂತ.

"ಇದಕ್ಕಿಂತ ಚೆನ್ನಾಗಿ ನನಗೆ ಬರಲ್ಲ," ಎಂದರು ಮೇಷ್ಟ್ರು. "ಕಳಿಸ್ತೀನಿ ಮೇಡಂ?"

"ಕಳಿಸಿ," ಎಂದೆ.

ಕಳಿಸಿ ಅವರು ಎದ್ದು ಗೋಡೆಯ ಪಕ್ಕ ನಿಂತರು. ಬಿಳಿಹಾಳೆ ಮರಳಿ ತನ್ನ ಕುರ್ಚಿಗೆ ಬಂದು ಪರದೆಯ ಕಡೆ ನೋಡದೆ ಕೂತ. ಸ್ವಲ್ಪ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ನಿರ್ದೇಶಕರು. ಅವನು ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟ.

"ಪುಟ ಬಂತು ಸಾರ್. ಹಳೇದು ಹೊಸದು ಪಕ್ಕದಲ್ಲಿಟ್ಟು ನೋಡ್ತಿದೀನಿ. ನನಗೆ ನಿಮ್ಮಷ್ಟು ತಿಳಿಯಲ್ಲ, ಆದ್ರೂ ಹಳೇದೇ ಚೆನ್ನಾಗಿತ್ತು ಅನ್ಸತ್ತಲ್ಲ?"

ಇಷ್ಟು ವರ್ಷ ಯಾರ ಕಣ್ಣೂ ತೆರೆಯುವುದಿಲ್ಲ ಎಂದು ಗೋಳಾಡಿದ್ದೆವು. ತೆರೆದದ್ದು ಇವತ್ತು.

"ನಾಳೆ ಸಮಿತೀಲೂ ಇದನ್ನೇ ಕೇಳ್ತಾರೆ. ಅಷ್ಟು ಅಚ್ಚುಕಟ್ಟಾಗಿದ್ದ ಪುಟಾನ ಯಾಕೆ ಕೆಡಿಸಿದ್ರಿ, ಅದೇ ಇರಲಿ ಬಿಡಿ ಅಂತಾರೆ. ನನ್ನ ಮಾತು ನಡೆಯಲ್ಲ. ಆದ್ರೆ ನಿಮ್ಮ ಹೆಸರು ಅವರಿಗೆಲ್ಲ ಗೊತ್ತು. ಹೊಸದೇ ಉತ್ತಮ ಅಂತ ನೀವು ಹೇಳಿದ್ರೆ ಮುಚ್ಕ... ಸುಮ್ಮನಾಗ್ತಾರೆ. ಹೇಳಿ, ಯಾವುದು ಉತ್ತಮ?"

ಬಿಳಿಹಾಳೆ ಫೋನನ್ನೇ ನೋಡುತ್ತಿದ್ದ. ವಿದ್ಯಾರ್ಥಿಗಳ ತಂದೆತಾಯಿ ಬಂದು ಅತ್ತಾಗಲೂ, ಸಚಿವರೊಬ್ಬರು ತಮ್ಮ ಭಾವಚಿತ್ರ ದೊಡ್ಡದು ಮಾಡಿ ಎಂದಾಗಲೂ, ಕೆಟ್ಟದ್ದನ್ನು ಒಳ್ಳೆಯದು ಎಂದವನಲ್ಲ ಇವನು. ಅದಕ್ಕಾಗಿ ಬಡ್ತಿ ಕಳೆದುಕೊಂಡಿದ್ದಾನೆ, ಸ್ನೇಹಿತರನ್ನು ಕಳೆದುಕೊಂಡಿದ್ದಾನೆ, ಸ್ವಂತ ತಮ್ಮನ ಮದುವೆಯ ಆಮಂತ್ರಣ ಪತ್ರಿಕೆಯ ವಿಷಯದಲ್ಲಿ ಒಂದು ವರ್ಷ ಮಾತು ಬಿಟ್ಟಿದ್ದಾನೆ. ಮೇಷ್ಟ್ರು ನೆಲ ನೋಡುತ್ತಿದ್ದರು.

"ಹಲೋ? ಸಾರ್?"

"ಹೊಸದೇ ಉತ್ತಮ ಮೇಡಂ," ಎಂದ ಬಿಳಿಹಾಳೆ.

"ಯಾಕೆ ಅಂತ ಒಂದು ಮಾತು ಹೇಳಿ. ಕೇಳಿದ್ರೆ ಹೇಳಬೇಕಲ್ಲ."

ಅವನು ಗಂಟಲು ಸರಿಮಾಡಿಕೊಂಡ. "ಮೊದಲನೇದರಲ್ಲಿ... ಜಾಗ ಸುಮ್ಮನೆ ಖಾಲಿ ಬಿದ್ದಿತ್ತು. ಈಗ ತುಂಬಿದ ಹಾಗಿದೆ. ನೋಡೋರಿಗೆ ಎಲ್ಲ ಕಾಣತ್ತೆ." ಯಾವ ಮಾತಿಗೆ ಮೊದಲ ವರ್ಷದ ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದನೋ ಆ ಮಾತನ್ನೇ, ಆ ಹುಡುಗರದೇ ದನಿಯಲ್ಲಿ ಹೇಳಿದ.

"ಸರಿ ಹಾಗಾದ್ರೆ. ಕೆಳಗೆ ನಿಮ್ಮ ಹೆಸರು ಹಾಕಿ ಇನ್ನೊಂದು ಸಲ ಕಳಿಸಿಬಿಡಿ. ಹೆಸರಿದ್ರೆ ಯಾರೂ ತಕರಾರು ಮಾಡಲ್ಲ."

ಫೋನು ನಿಂತಿತು. ಮೇಷ್ಟ್ರು ಏನೋ ಹೇಳಲು ಹೋದರು. ಬಿಳಿಹಾಳೆ ಬೇಡ ಎನ್ನುವಂತೆ ಕೈ ತೋರಿಸಿ, ಪರದೆಯ ಕಡೆ ತಿರುಗಿ, ಆ ಪುಟದ ಕೆಳಗೆ ತನ್ನ ಹೆಸರನ್ನು ಬರೆದ. ಬರೆದು ಕೂತು ನೋಡಿದ. ಹೆಸರನ್ನು ಒಂದು ಕೂದಲೆಳೆಯಷ್ಟು ಎಡಕ್ಕೆ ಸರಿಸಿದ. ಮತ್ತೆ ನೋಡಿ ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿಸಿದ. ಮತ್ತೊಮ್ಮೆ ಎಡಕ್ಕೆ ಸರಿಸಿದ. ಅಷ್ಟು ಕೆಟ್ಟ ಪುಟದಲ್ಲಿ ಅದೊಂದು ಸಾಲನ್ನಾದರೂ ಸರಿಯಾದ ಕಡೆ ಕೂರಿಸಲು ಅವನು ಹೆಣಗುತ್ತಿದ್ದುದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಆಮೇಲೆ ಅವನು ಕಳಿಸಿದ ಸದ್ದು ಕೇಳಿಸಿತು.